ಹುಲ್ಲುಗಾವಲಿನ ಕಾಯಕಜೀವಿಗಳು

ಹನ್ನೆರಡನೆಯ ಶತಮಾನದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರು ವಚನಗಳನ್ನು ರಚಿಸಿದರು. ಅವರಲ್ಲಿ ಹಲವರ ಹೆಸರನ್ನು ಒಮ್ಮೆ ಉಚ್ಚರಿಸಿದರೆ ಸಾಕು, ಅವರು ಮಾಡುತ್ತಿದ್ದ ದುಡಿಮೆ ಕಣ್ಣಮುಂದೆ ಬಂದು ನಿಲ್ಲುತ್ತದೆ. ಕೊಟ್ಟಣದ ಸೋಮವ್ವೆ ಎಂದೊಡನೆ ಭತ್ತ ಕುಟ್ಟುವ ಒನಕೆಯ ಸದ್ದು ಕೇಳಿಸುತ್ತದೆ. ಕದಿರ ರೆಮ್ಮವ್ವೆ ಎಂದೊಡನೆ ನೂಲು ಸುತ್ತುವ ಕದಿರು ಕಾಣುತ್ತದೆ. ಆಯ್ದಕ್ಕಿ ಲಕ್ಕಮ್ಮ ಎಂದರೆ ಅಂಗಳದಲ್ಲಿ ಚೆಲ್ಲಿದ ಅಕ್ಕಿಯ ಕಾಳುಗಳೇ ನೆನಪಾಗುತ್ತವೆ. ಒಬ್ಬ ಹೆಣ್ಣುಮಗಳನ್ನು ಇಂಥವರ ಮಗಳು, ಇಂಥವರ ಮಡದಿ ಎಂದಷ್ಟೇ ಗುರುತಿಸುತ್ತಿದ್ದ ಕಾಲದಲ್ಲಿ, ಅವಳ ಕಾಯಕವನ್ನೇ ಅವಳ ಹೆಸರಿನ ಮುಂದಿಟ್ಟು ಕರೆದ ಸಮಾಜ ಅದು. ಇದು ಸಣ್ಣ ಮಾತಲ್ಲ. ಈ ಗೌರವದ ಬೆಲೆ ಎಷ್ಟೆಂಬುದು, ಅದು ದೊರೆಯದೆ ಹೋದ ಇನ್ನೊಂದು ನಾಡಿನ ಹೆಣ್ಣುಮಕ್ಕಳ ಬದುಕನ್ನು ನೋಡಿದಾಗ ಇನ್ನೂ ಸ್ಪಷ್ಟವಾಗುತ್ತದೆ.

ಅಮೆರಿಕದ ಪಶ್ಚಿಮ ಭಾಗದ ವ್ಯೋಮಿಂಗ್, ಮೊಂಟಾನಾ, ಆರಿಜೋನಾ, ನ್ಯೂ ಮೆಕ್ಸಿಕೊ ಮೊದಲಾದ ರಾಜ್ಯಗಳಲ್ಲಿ ದನಗಳನ್ನು ಮೇಯಿಸುವ ವಿಶಾಲವಾದ ಹುಲ್ಲುಗಾವಲುಗಳಿವೆ. ಅವುಗಳನ್ನು ರಾಂಚ್ ಎಂದು ಕರೆಯುತ್ತಾರೆ. ಮಳೆ ಕಡಿಮೆಯಿರುವ ಆ ನೆಲದಲ್ಲಿ ಒಂದು ಹಸುವಿನ ಮೇವಿಗೆ ಹತ್ತಾರು ಎಕರೆ ಬೇಕಾಗುತ್ತದೆ. ಆದ್ದರಿಂದ ಒಂದೊಂದು ರಾಂಚ್ ಸಾವಿರಾರು, ಕೆಲವೆಡೆ ಲಕ್ಷಕ್ಕೂ ಮೀರಿದ ಎಕರೆಗಳಷ್ಟು ಹರಡಿಕೊಂಡಿರುತ್ತದೆ. ಪಕ್ಕದ ಮನೆ ಮೈಲುಗಟ್ಟಲೆ ದೂರ. ಚಲನಚಿತ್ರಗಳು ಈ ಲೋಕವನ್ನು ಟೊಪ್ಪಿಗೆ ಧರಿಸಿ ಕುದುರೆಯೇರಿದ ಗಂಡಸಿನ ಚಿತ್ರವಾಗಿ ಜಗತ್ತಿಗೆಲ್ಲ ತೋರಿಸಿದವು. ಆದರೆ ಅದೇ ರಾಂಚಿನಲ್ಲಿ ಬೆಳಗಿನ ಜಾವಕ್ಕೆ ಎದ್ದು, ಹಾಲು ಕರೆದು, ಕೂಲಿಯಾಳುಗಳಿಗೆ ಅಡುಗೆ ಮಾಡಿ, ಬೇಲಿ ಸರಿಪಡಿಸಿ, ನಡುರಾತ್ರಿ ಹಸುವಿನ ಹೆರಿಗೆ ಮಾಡಿಸಿ, ಎಲ್ಲ ಮುಗಿದ ಮೇಲೆ ದೀಪದ ಮುಂದೆ ಕುಳಿತು ಲೆಕ್ಕ ಬರೆದ ಹೆಂಗಸು ಆ ಚಿತ್ರದಲ್ಲಿ ಕಾಣಿಸಲಿಲ್ಲ. ಅವಳ ಬಿರುದು ಒಂದೇ: ರಾಂಚಿನ ಯಜಮಾನನ ಹೆಂಡತಿ.

ದನ ಕಾಯುವುದು ಶರಣ ಪರಂಪರೆಗೆ ಹೊಸದಲ್ಲ. ಕಲ್ಯಾಣದಲ್ಲಿ ದನಗಳನ್ನು ಕಾಯುತ್ತಿದ್ದ ತುರುಗಾಹಿ ರಾಮಣ್ಣನವರು ಗೋಪತಿನಾಥ ವಿಶ್ವೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನಗಳನ್ನು ಬರೆದು, ದನಗಾಹಿಯ ಅನುಭವವನ್ನೇ ಅನುಭಾವದ ಭಾಷೆಯನ್ನಾಗಿ ಮಾಡಿಕೊಂಡವರು. ಆದರೂ ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ರಾಂಚಿನ ದನಗಳನ್ನು ಸಾಕುವುದು ಬಹುಪಾಲು ಮಾಂಸಕ್ಕಾಗಿ. ದಯೆಯನ್ನು ಧರ್ಮದ ಬುಡವೆಂದು ನಂಬಿದ ಬಸವಾನುಯಾಯಿಗಳು ಆ ಕಸುಬನ್ನು ಶುದ್ಧ ಕಾಯಕವೆಂದು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಆ ನೆಲವೂ ಅಲ್ಲಿನ ಮೂಲನಿವಾಸಿಗಳಿಂದ ಕಸಿದುಕೊಂಡದ್ದೇ ಆಗಿದೆ. ಇವೆರಡೂ ನಿಜ. ಆದರೆ ಹುಟ್ಟಿದ ನಾಡು, ಸಿಕ್ಕಿದ ಬದುಕು ಇವುಗಳೊಳಗೆ ಒಬ್ಬ ಹೆಣ್ಣುಮಗಳು ತನ್ನ ಪಾಲಿನ ದುಡಿಮೆಯನ್ನು ಯಾವ ಮನಸ್ಸಿನಿಂದ ಮಾಡಿದಳು ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಕೇಳಿಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಎಲಿನೋರ್ ಪ್ರುಯಿಟ್ ಎಂಬಾಕೆ 1876ರಲ್ಲಿ ಹುಟ್ಟಿದವಳು. ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು, ಶಾಲೆಯ ಓದು ಹೆಚ್ಚು ದಕ್ಕದೆ, ತಾನಾಗಿಯೇ ಓದು ಬರಹ ಕಲಿತವಳು. ಜೆರೀನ್ ಎಂಬ ಪುಟ್ಟ ಮಗಳೊಂದಿಗೆ ಡೆನ್ವರ್ ನಗರದಲ್ಲಿ ಬಟ್ಟೆ ಒಗೆಯುವುದು, ಮನೆಗೆಲಸ ಮಾಡುವುದು ಇವುಗಳಿಂದ ಹೊಟ್ಟೆ ಹೊರೆಯುತ್ತಿದ್ದಳು. 1909ರಲ್ಲಿ ವ್ಯೋಮಿಂಗ್ ರಾಜ್ಯದ ಬರ್ನ್ಟ್ ಫೋರ್ಕ್ ಎಂಬ ದೂರದ ಹಳ್ಳಿಗಾಡಿನ ಕ್ಲೈಡ್ ಸ್ಟೀವರ್ಟ್ ಎಂಬ ರಾಂಚಿನ ಮಾಲೀಕನ ಮನೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಅಲ್ಲಿಗೆ ಹೋದಳು. ಕೆಲವೇ ವಾರಗಳಲ್ಲಿ ಅವರಿಬ್ಬರ ಮದುವೆಯೂ ಆಯಿತು. ಹಿಂದೆ ತಾನು ಕೆಲಸಕ್ಕಿದ್ದ ಮನೆಯ ಒಡತಿಗೆ ಅಲ್ಲಿಂದ ಆಕೆ ಬರೆದ ಪತ್ರಗಳು ಮೊದಲು ಒಂದು ಮಾಸಪತ್ರಿಕೆಯಲ್ಲಿಯೂ 1914ರಲ್ಲಿ ಪುಸ್ತಕರೂಪದಲ್ಲಿಯೂ ಪ್ರಕಟವಾದವು. ರಾಂಚಿನ ಹೆಂಗಸಿನ ದಿನಚರಿಯನ್ನು ಅವಳ ಬಾಯಿಂದಲೇ ತಿಳಿಯಬೇಕೆಂದವರಿಗೆ ಆ ಪತ್ರಗಳಷ್ಟು ಒಳ್ಳೆಯ ಆಧಾರ ಇನ್ನೊಂದು ಸಿಗುವುದು ಕಷ್ಟ.

ಅದರಲ್ಲೊಂದು ಪ್ರಸಂಗ. ಹುಲ್ಲು ಕೊಯ್ಲಿನ ಕಾಲ. ಚಳಿಗಾಲದ ಮೇವಿಗೆ ಈಗಲೇ ಹುಲ್ಲು ಕೊಯ್ದು ಒಣಗಿಸಿ ಒಟ್ಟದಿದ್ದರೆ ಹಿಮದ ತಿಂಗಳುಗಳಲ್ಲಿ ದನಗಳು ಸಾಯುತ್ತವೆ. ಕೂಲಿಯಾಳುಗಳು ಸಿಗಲೊಲ್ಲರು. ಎಲಿನೋರಳಿಗೆ ಕುದುರೆ ಹೂಡಿದ ಕೊಯ್ಲಿನ ಯಂತ್ರವನ್ನು ನಡೆಸುವುದು ಬಾಲ್ಯದಿಂದಲೇ ಬರುತ್ತಿತ್ತು.  ತನಗೆ ಬರುತ್ತದೆಂದು ಹೇಳಿದರೆ ಗಂಡ ಬೇಡವೆಂದಾನು ಎಂದು ಸುಮ್ಮನಿದ್ದಳು. ಒಂದು ಬೆಳಿಗ್ಗೆ ಗಂಡ ಕೊನೆಯ ಪ್ರಯತ್ನವೆಂದು ಆಳನ್ನು ಹುಡುಕಿಕೊಂಡು ಹೋದಾಗ, ತಾನೇ ಕೊಟ್ಟಿಗೆಯಿಂದ ಕುದುರೆಗಳನ್ನು ಬಿಚ್ಚಿ ತಂದು ಯಂತ್ರಕ್ಕೆ ಹೂಡಿ ಕೊಯ್ಲಿಗೆ ತೊಡಗಿದಳು. ಆಳು ಸಿಗದೆ ಬರಿಗೈಯಲ್ಲಿ ಹಿಂದಿರುಗಿದ ಗಂಡ ಕೊಯ್ದು ಬಿದ್ದಿದ್ದ ಹುಲ್ಲನ್ನು ನೋಡಿ ಬೆರಗಾದನು, ಹಿಗ್ಗಿದನು. ಆ ಋತುವಿನ ಹುಲ್ಲನ್ನೆಲ್ಲ ಕೊಯ್ದವಳು ಆಕೆಯೇ. ಅದರ ಜೊತೆಗೆ ದಿನವೂ ಏಳು ಹಸುಗಳ ಹಾಲು ಕರೆದಳು. ಹಗಲು ಬಿಡುವಿಲ್ಲದ್ದರಿಂದ ಅಡುಗೆಯನ್ನು ಬಹುತೇಕ ರಾತ್ರಿಯಲ್ಲಿಯೇ ಮಾಡಿಟ್ಟಳು. ಇಷ್ಟರ ನಡುವೆ ಮೂವತ್ತು ಪಿಂಟ್ ಜೆಲ್ಲಿಯನ್ನೂ ಅಷ್ಟೇ ಜಾಮನ್ನೂ ಕಾಯಿಸಿ ತುಂಬಿಟ್ಟಳು. ಇದನ್ನು ಹೇಳುವಾಗ ಅವಳ ಬರಹದಲ್ಲಿ ದೂರಿನ ಸುಳಿವಿಲ್ಲ. ಕೊಯ್ಲು ಮಾಡುವುದೆಂದರೆ ತನಗೆ ಇಷ್ಟವೆಂದು ಸಂತೋಷವಾಗಿಯೇ ಬರೆಯುತ್ತಾಳೆ.

ಹೆಣ್ಣು ಗಂಡೆಂಬ ಗುರುತು ಮೈಗೆ ಸೇರಿದ್ದೇ ಹೊರತು ಒಳಗಿರುವ ಚೇತನಕ್ಕಲ್ಲ ಎಂಬ ನಿಲುವನ್ನು ಜೇಡರ ದಾಸಿಮಯ್ಯನವರು ಎಂದೋ ಸ್ಪಷ್ಟಪಡಿಸಿದ್ದರು. ಎಲಿನೋರಳಿಗೆ ದಾಸಿಮಯ್ಯನವರ ಹೆಸರೂ ಗೊತ್ತಿರಲಿಲ್ಲ. ಮಾಗಿದ ಹುಲ್ಲಿಗೆ ತನ್ನನ್ನು ಕೊಯ್ಯುವ ಕೈ ಯಾರದೆಂಬ ಚಿಂತೆಯಿಲ್ಲ ಎಂಬುದು ಮಾತ್ರ ಅವಳಿಗೆ ಗೊತ್ತಿತ್ತು. ಇಲ್ಲಿ ಗಮನಿಸಬೇಕಾದ ನೋವಿನ ಸಂಗತಿಯೆಂದರೆ, ಅಷ್ಟು ಬಲವುಳ್ಳ ಹೆಣ್ಣೂ ತನಗೆ ಬರುವ ವಿದ್ಯೆಯನ್ನು ಬಚ್ಚಿಡಬೇಕಾಯಿತು.

ಅದೇ ಪತ್ರಗಳಲ್ಲಿ ಇನ್ನೊಂದು ಸಂಗತಿಯಿದೆ. ಅದನ್ನು ಆಕೆ ತುಂಬ ತಡವಾಗಿ, ಹಿಂಜರಿಯುತ್ತ ತಿಳಿಸಿದಳು. ಕ್ಲೈಡನಿಂದ ಅವಳಿಗೆ ಹುಟ್ಟಿದ ಮೊದಲ ಗಂಡುಮಗು ಜೇಮಿ ಕಾಯಿಲೆಯಿಂದ ತೀರಿಕೊಂಡಿತು. ಸಮೀಪದಲ್ಲಿ ವೈದ್ಯನಿರಲಿಲ್ಲ, ಅಂತ್ಯವಿಧಿಯನ್ನು ನಡೆಸಲು ಪಾದ್ರಿಯೂ ಇರಲಿಲ್ಲ. ಬಡಗಿಯ ಕೆಲಸ ಬಲ್ಲ ತಂದೆ ತನ್ನ ಕೈಯಿಂದಲೇ ಮಗುವಿನ ಶವಪೆಟ್ಟಿಗೆಯನ್ನು ಮಾಡಿದನು. ತಾಯಿ ಅದರ ಒಳಗೆ ಮೆತ್ತೆ ಹಾಸಿ ಬಟ್ಟೆ ಹೊದಿಸಿ ಸಿದ್ಧಪಡಿಸಿದಳು. ಕೊಂಡು ತರಲು ಹಣವಿಲ್ಲದೆ ಅಲ್ಲ, ನೆರವಾಗಲು ನೆರೆಯವರಿಲ್ಲದೆಯೂ ಅಲ್ಲ. ತಮ್ಮ ಚೊಚ್ಚಲ ಮಗನಿಗೆ ಮಾಡಬೇಕಾದ ಕೊನೆಯ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಲು ಅವರಿಗೆ ಮನಸ್ಸು ಬರಲಿಲ್ಲ. ಸುತ್ತಲ ಮೂವತ್ತು ಮೈಲುಗಳಿಂದ ಬಂದು ನೆರೆದಿದ್ದ ಜನರ ನಡುವೆ ತಾನೇ ಆರಿಸಿದ ಬೈಬಲ್ಲಿನ ಅಧ್ಯಾಯದೊಂದಿಗೆ ಆ ತಾಯಿ ಮಗುವನ್ನು ಬೀಳ್ಕೊಟ್ಟಳು. ರಾಂಚಿನ ಹೆಂಗಸಿನ ಶಕ್ತಿಯೆಂದರೆ ತೋಳಿನ ಬಲ ಎಂದು ತಿಳಿಯುವವರು ಈ ಪತ್ರವನ್ನು ಓದಬೇಕು. ದೇವರಿಗೂ ಭಕ್ತನಿಗೂ ನಡುವೆ ಪುರೋಹಿತನು ಬೇಕಿಲ್ಲವೆಂದ ಶರಣರು ಅಂದು ಅಲ್ಲಿದ್ದಿದ್ದರೆ ಆ ತಾಯಿಗೆ ಕೈಮುಗಿಯುತ್ತಿದ್ದರು.

ಇಂಥ ಗಳಿಗೆಗಳು ವಿರಳ. ಉಳಿದ ದಿನಗಳ ಕಥೆ ದನದ ಕಥೆಯೇ. ಚಳಿಗಾಲದ ಕೊನೆಗೆ ಹಸುಗಳು ಕರು ಹಾಕತೊಡಗುತ್ತವೆ. ಚೊಚ್ಚಲ ಕಡಸುಗಳದು ಹೆಚ್ಚಿನ ಆತಂಕ. ಅವುಗಳನ್ನು ಎರಡು ಮೂರು ಗಂಟೆಗೊಮ್ಮೆ ಹೋಗಿ ನೋಡಬೇಕು, ಹೊರಗೆ ಹಿಮಗಾಳಿ ಬೀಸುತ್ತಿದ್ದರೂ ಸರಿ. ಕರು ಅಡ್ಡವಾಗಿದ್ದರೆ ಕೈ ಹಾಕಿ ತಿರುಗಿಸಬೇಕು. ಮುಂಗಾಲುಗಳಿಗೆ ಸರಪಣಿ ಸಿಕ್ಕಿಸಿ ಹಸು ಮುಕ್ಕಿದಾಗ ಎಳೆಯಬೇಕು, ಅದು ಸುಮ್ಮನಾದಾಗ ತಾನೂ ಸುಮ್ಮನಾಗಬೇಕು. ಇಲ್ಲಿ ಬಲಕ್ಕಿಂತ ಸಹನೆಗೇ ಹೆಚ್ಚು ಕೆಲಸ. ಹುಟ್ಟಿದ ಕರು ಕೆಲವೇ ಗಂಟೆಗಳೊಳಗೆ ಎದ್ದು ನಿಂತು ಗಿಣ್ಣುಹಾಲು ಕುಡಿಯದಿದ್ದರೆ ಬದುಕುವುದು ಕಷ್ಟ. ಚಳಿಗೆ ಮರಗಟ್ಟಿದ ಕರುವನ್ನು ಎತ್ತಿ ತಂದು ಅಡುಗೆಮನೆಯ ಒಲೆಯ ಪಕ್ಕದಲ್ಲಿ ಮಲಗಿಸಿ, ಹಳೆಯ ಬಟ್ಟೆಯಿಂದ ಮೈ ತಿಕ್ಕಿ, ಸೀಸೆಯಿಂದ ಹಾಲೂಡುವುದು ರಾಂಚಿನ ಮನೆಗಳಲ್ಲಿ ಇಂದಿಗೂ ನಡೆಯುತ್ತದೆ. ಮಕ್ಕಳು ಬೆಳಿಗ್ಗೆ ಎದ್ದು ಬಂದರೆ ಒಲೆಯ ಮುಂದೆ ಕರು! ಚಳಿ ಹೆಚ್ಚಿದರೆ ದನಗಳು ಕುಡಿಯುವ ತೊಟ್ಟಿಯ ನೀರು ಹೆಪ್ಪುಗಟ್ಟುತ್ತದೆ, ಕೊಡಲಿಯಿಂದ ಆ ಮಂಜುಗಡ್ಡೆಯನ್ನು ಒಡೆಯಬೇಕು. ವಸಂತದಲ್ಲಿ ಕರುಗಳಿಗೆ ಲಸಿಕೆ ಹಾಕುವುದು, ಮುದ್ರೆಯೊತ್ತುವುದು. ಬೇಸಿಗೆಯಲ್ಲಿ ಹುಲ್ಲಿನ ಕೊಯ್ಲು. ಶರತ್ಕಾಲದಲ್ಲಿ ಕರುಗಳನ್ನು ತಾಯಿಯಿಂದ ಬೇರ್ಪಡಿಸುವುದು. ಕರು ಅಗಲಿದ ತಾಯಿಹಸುಗಳು ಕೂಗುತ್ತಲೇ ಇರುತ್ತವೆ. ಅದನ್ನು ಕೇಳುತ್ತ ಕೆಲಸ ಮುಂದುವರಿಸುವುದು ಸುಲಭವಲ್ಲ.

ಈ ಕಾಲನಿಷ್ಠೆಯನ್ನು ತಿಳಿಸುವ ಮತ್ತೊಂದು ಘಟನೆ ಆರಿಜೋನಾ ಮತ್ತು ನ್ಯೂ ಮೆಕ್ಸಿಕೊ ರಾಜ್ಯಗಳ ಗಡಿಯಲ್ಲಿದ್ದ ಒಂದು ರಾಂಚಿನದು. 1880ರಲ್ಲಿ ಆರಂಭವಾದ ಆ ರಾಂಚಿನ ಹೆಸರು ಲೇಜಿ ಬಿ. ದನಗಳ ಮೈಮೇಲಿನ ಮುದ್ರೆಯಲ್ಲಿ ಅಕ್ಷರ ಮಲಗಿದ್ದರೆ ಅದನ್ನು ಅಲ್ಲಿನವರು ಸೋಮಾರಿ ಅಕ್ಷರ ಎನ್ನುತ್ತಾರೆ. ಹೆಸರಿನಲ್ಲಿದ್ದ ಸೋಮಾರಿತನ ಅಷ್ಟೇ, ಬದುಕಿನಲ್ಲಿ ಎಳ್ಳಷ್ಟೂ ಇರಲಿಲ್ಲ. 1930ರಲ್ಲಿ ಹುಟ್ಟಿದ ಸಾಂಡ್ರಾ ಡೇ ಆ ಮನೆಯ ಹಿರಿಯ ಮಗಳು. ಆಕೆಗೆ ಏಳು ವರ್ಷವಾಗುವವರೆಗೆ ಮನೆಯಲ್ಲಿ ವಿದ್ಯುತ್ತಿರಲಿಲ್ಲ, ನಲ್ಲಿಯ ನೀರಿರಲಿಲ್ಲ. ದನಗಳನ್ನು ಒಟ್ಟುಗೂಡಿಸಿ ತರುವ ಕೆಲಸ ಗಂಡಸರದ್ದೇ ಆಗಿದ್ದ ಕಾಲದಲ್ಲಿ ಕುದುರೆಯೇರಿ ಅವರ ಜೊತೆ ಹೊರಟವಳು ಈ ಹುಡುಗಿ.

ಹರೆಯದಲ್ಲಿ ಆಕೆ ಒಂದು ದಿನ ಬೆಳಗಿನಿಂದ ತಾಯಿಯೊಡನೆ ಅಡುಗೆ ಮಾಡಿ, ದೂರದಲ್ಲಿ ಕರುಗಳಿಗೆ ಮುದ್ರೆಯೊತ್ತುತ್ತಿದ್ದವರಿಗೆ ಮಧ್ಯಾಹ್ನದ ಊಟವನ್ನು ಲಾರಿಯಲ್ಲಿಟ್ಟುಕೊಂಡು ಒಬ್ಬಳೇ ಹೊರಟಳು. ನಿರ್ಜನ ದಾರಿಯಲ್ಲಿ ಚಕ್ರದ ಗಾಳಿ ಹೋಯಿತು. ತುಕ್ಕು ಹಿಡಿದ ತಿರುಪುಗಳು ಕದಲಲಿಲ್ಲ. ಪಾನದ ಮೇಲೆ ಹತ್ತಿ ಮೈಭಾರವನ್ನೆಲ್ಲ ಹಾಕಿ ಹೇಗೋ ಅವುಗಳನ್ನು ಸಡಿಲಿಸಿ, ಚಕ್ರ ಬದಲಿಸಿ, ಬೆವರಿಳಿಸಿಕೊಂಡು ತಲುಪುವ ವೇಳೆಗೆ ಊಟದ ಹೊತ್ತು ಮೀರಿತ್ತು. ಮಗಳು ಏನಾಯಿತೆಂದು ವಿವರಿಸಿದಳು. ತಂದೆ ಹೊಗಳಲಿಲ್ಲ, ಮರುಗಲೂ ಇಲ್ಲ. ತಡವಾಯಿತೆಂದನು, ಇನ್ನೂ ಬೇಗ ಹೊರಡಬೇಕಿತ್ತೆಂದನು. ಈ ದಾರಿಯಲ್ಲಿ ಏನು ಬೇಕಾದರೂ ಆಗಬಹುದೆಂದು ಮೊದಲೇ ಎಣಿಸಿರಬೇಕೆಂಬುದು ಅವನ ಮಾತಿನ ತಾತ್ಪರ್ಯ. ಕಠಿಣನೆನಿಸುವ ತಂದೆ! ಆದರೆ ಗಂಡಾಳೊಬ್ಬ ತಡವಾಗಿ ಬಂದಿದ್ದರೂ ಅವನು ಹೇಳುತ್ತಿದ್ದುದು ಅದನ್ನೇ. ಹುಡುಗಿಯೆಂಬ ರಿಯಾಯಿತಿಯನ್ನು ಕೊಡದೆ ಹೋದದ್ದೇ ಆ ತಂದೆ ಮಗಳಿಗೆ ಕೊಟ್ಟ ಮರ್ಯಾದೆ.

ಇದನ್ನು ಓದುವಾಗ ಶೂನ್ಯಸಂಪಾದನೆಯ ನುಲಿಯ ಚಂದಯ್ಯನವರ ಪ್ರಸಂಗ ನೆನಪಿಗೆ ಬಾರದಿರದು. ಹಗ್ಗ ಹೊಸೆಯುವ ಹುಲ್ಲನ್ನು ಕೊಯ್ಯುತ್ತಿರುವಾಗ ಕೊರಳ ಲಿಂಗ ಜಾರಿ ನೀರಿಗೆ ಬಿದ್ದರೂ ಚಂದಯ್ಯನವರು ಕಾಯಕವನ್ನು ನಿಲ್ಲಿಸಲಿಲ್ಲ. ಲಿಂಗಕ್ಕೂ ಕಾಯಕದಿಂದ ವಿನಾಯಿತಿ ಇಲ್ಲವೆಂಬುದು ಅವರ ನಿಷ್ಠುರ ನಿಲುವು. ಆಯ್ದಕ್ಕಿ ಮಾರಯ್ಯನವರು ಅನುಭಾವದ ಗೋಷ್ಠಿಯಲ್ಲಿ ಮೈಮರೆತಾಗ, ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿದವರು ಮಡದಿ ಲಕ್ಕಮ್ಮನವರೇ. ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ತಂದಲ್ಲಿಗೇ ಚೆಲ್ಲಿ ಬರಬೇಕೆಂದವರೂ ಅವರೇ. ಮನೆಯ ಲೆಕ್ಕವೂ ಕಾಯಕದ ಲೆಕ್ಕವೂ ಆ ತಾಯಿಯ ಕೈಯಲ್ಲಿತ್ತು. ಗಂಡನು ಆ ಮಾತನ್ನು ಕೇಳಿದನು ಎಂಬುದನ್ನು ಮರೆಯಬಾರದು.

ಸಾಂಡ್ರಾ ಮುಂದೆ ಕಾನೂನು ಓದಿದರು. ಆಗ ದೊಡ್ಡ ವಕೀಲ ಸಂಸ್ಥೆಗಳು ಹೆಂಗಸರನ್ನು ವಕೀಲರಾಗಿ ಸೇರಿಸಿಕೊಳ್ಳುತ್ತಿರಲಿಲ್ಲ, ಬೆರಳಚ್ಚಿನ ಕೆಲಸವಿದೆಯೆಂಬ ಉತ್ತರ ಬಂತು. ಕ್ಯಾಲಿಫೋರ್ನಿಯಾದ ಒಂದು ಜಿಲ್ಲಾ ಸರಕಾರಿ ವಕೀಲರ ಕಚೇರಿಯಲ್ಲಿ ಮೊದಮೊದಲು ಸಂಬಳವಿಲ್ಲದೆ ದುಡಿದರು. 1981ರಲ್ಲಿ ಸಾಂಡ್ರಾ ಡೇ ಓ'ಕಾನರ್ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮೊತ್ತಮೊದಲ ಮಹಿಳಾ ನ್ಯಾಯಮೂರ್ತಿಯಾದರು. 2023ರ ಡಿಸೆಂಬರಿನಲ್ಲಿ ನಿಧನರಾದರು. ತಮ್ಮ ಸಹೋದರನೊಡನೆ ಸೇರಿ ಆ ರಾಂಚಿನ ಬಾಲ್ಯವನ್ನು ಕುರಿತು ಬರೆದ ಪುಸ್ತಕ 2002ರಲ್ಲಿ ಹೊರಬಂದಿತು. ಚಕ್ರ ಬದಲಿಸಿದ ಕಥೆ ತಿಳಿದಿರುವುದು ಅದರಿಂದಲೇ.

ಆದರೆ ಆ ಮನೆಯಲ್ಲಿ ಇನ್ನೊಬ್ಬ ಹೆಂಗಸಿದ್ದಳು, ಸಾಂಡ್ರಾಳ ತಾಯಿ ಏಡಾ ಮೇ. ಕಾಲೇಜು ಓದಿದವಳು. ಧೂಳು ತುಂಬಿದ ಆ ಬಯಲಿನಲ್ಲಿಯೂ ಅಚ್ಚುಕಟ್ಟಾಗಿ ಉಡುಪು ಧರಿಸಿ, ದೂರದ ನಗರಗಳಿಂದ ಪತ್ರಿಕೆಗಳನ್ನು ತರಿಸಿಕೊಂಡು, ಮಗಳಿಗೆ ಓದಿ ಹೇಳುತ್ತಿದ್ದಳು. ಅದೇ ಕೈಗಳಿಂದ ರಾಂಚಿನ ಆಳುಗಳಿಗೂ ಬಂದುಹೋಗುವವರಿಗೂ ಅಡುಗೆ ಮಾಡಿ ಬಡಿಸುತ್ತಿದ್ದಳು. ನ್ಯಾಯಮೂರ್ತಿಯ ಹೆಸರನ್ನು ಲೋಕ ಬಲ್ಲದು, ತಾಯಿಯದನ್ನು ಬಲ್ಲವರು ಕಡಿಮೆ. ಇಂಥ ಅಡುಗೆಯನ್ನು ದಾಸೋಹವೆಂದು ಹೊಗಳಿಬಿಡುವುದು ಸುಲಭ. ದಾಸೋಹವೆಂಬ ಮಾತು ಇಂದು ಕೆಲವೊಮ್ಮೆ ಹೆಂಗಸರ ಬಿಟ್ಟಿ ದುಡಿಮೆಗೆ ಹೊದಿಸುವ ಶಾಲಾಗಿಬಿಡುತ್ತದೆ. ಶರಣರ ಅರ್ಥ ಅದಲ್ಲ. ಸತ್ಯಶುದ್ಧ ಕಾಯಕದಿಂದ ಬಂದುದನ್ನು ಅರಿವಿನಿಂದ, ತಾನೇ ಒಪ್ಪಿ ಸಮಾಜಕ್ಕೆ ಅರ್ಪಿಸುವುದು ದಾಸೋಹ. ದುಡಿದವಳ ದುಡಿಮೆ ಯಾರ ಲೆಕ್ಕಕ್ಕೂ ಬಾರದಿದ್ದರೆ, ಅವಳು ಅರ್ಪಿಸುವುದಾದರೂ ಯಾವುದನ್ನು?

ಲೆಕ್ಕದ ಮಾತು ಬಂದುದರಿಂದ ಒಂದು ನಿಜವಾದ ಲೆಕ್ಕವನ್ನೇ ನೋಡಬಹುದು. ಅಮೆರಿಕ ಸರಕಾರ ಕೃಷಿ ಮತ್ತು ಪಶುಸಂಗೋಪನೆಯ ಗಣತಿಯನ್ನು ಹತ್ತೊಂಬತ್ತನೆಯ ಶತಮಾನದಿಂದಲೂ ನಡೆಸುತ್ತ ಬಂದಿದೆ. ಆದರೆ ಹೊಲವನ್ನು ನಡೆಸುವವರು ಹೆಣ್ಣೋ ಗಂಡೋ ಎಂಬ ಪ್ರಶ್ನೆ ಅದರಲ್ಲಿ ಸೇರಿದ್ದು 1978ರಲ್ಲಿ. ಆಗಲೂ ಒಂದು ಹೊಲಕ್ಕೆ ಒಬ್ಬರದೇ ವಿವರ, ಆ ಒಬ್ಬರು ಸಾಮಾನ್ಯವಾಗಿ ಗಂಡ. 2002ರಲ್ಲಿ ಮೂವರವರೆಗೆ ವಿವರ ಬರೆಯಲು ಅವಕಾಶವಾಯಿತು. 2017ರಲ್ಲಿ ನಾಲ್ವರ ವಿವರಕ್ಕೆ ಜಾಗ ಕೊಟ್ಟು, ದಿನನಿತ್ಯದ ತೀರ್ಮಾನಗಳನ್ನು ಯಾರು ಮಾಡುತ್ತಾರೆ, ಲೆಕ್ಕಪತ್ರ ಯಾರು ನೋಡುತ್ತಾರೆ ಎಂದು ಬಿಡಿಸಿ ಕೇಳಿದರು. ಆಗ ಹೆಂಗಸರ ಸಂಖ್ಯೆ ಒಮ್ಮೆಗೇ ಮೇಲೇರಿತು. 2022ರ ಗಣತಿಯಲ್ಲಿ ಅವರು 12 ಲಕ್ಷಕ್ಕೂ ಮಿಗಿಲು, ಒಟ್ಟು ಉತ್ಪಾದಕರಲ್ಲಿ ಶೇಕಡಾ 36. ಈ ಸಂಖ್ಯೆ ರಾಂಚುಗಳೊಂದಿಗೆ ಬೇಸಾಯದ ಹೊಲಗಳನ್ನೂ ಒಳಗೊಂಡಿದೆ. ಆ ಏರಿಕೆಯಲ್ಲಿ ಬಹುಪಾಲು ಹೊಸದಾಗಿ ಕೆಲಸಕ್ಕೆ ಬಂದವರದಲ್ಲ. ಅವರು ಮೊದಲೂ ಅಲ್ಲಿಯೇ ಇದ್ದರು, ಕೇಳಿರಲಿಲ್ಲ ಅಷ್ಟೇ. ಕರ್ನಾಟಕದ ಹಳ್ಳಿಗಳಲ್ಲಿ ಕೋಳಿ ಕೂಗುವ ಮೊದಲೇ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಹಾಕಿ ಬರುವ ತಾಯಂದಿರು ಪಹಣಿಯಲ್ಲಿ ಯಾರ ಹೆಸರಿದೆ ಎಂದು ಒಮ್ಮೆ ನೋಡಿದರೆ ಈ ಮಾತು ಅಮೆರಿಕದ್ದು ಮಾತ್ರವಲ್ಲವೆಂದು ತಿಳಿಯುತ್ತದೆ.

ಎಲಿನೋರಳಿಗೆ ಬೇಕಿದ್ದುದೂ ಅಂಥದೇ ಒಂದು ಕಾಗದ. 1862ರ ಕಾನೂನಿನಂತೆ ಇಪ್ಪತ್ತೊಂದು ವರ್ಷ ತುಂಬಿದ ಒಂಟಿ ಹೆಂಗಸರೂ ವಿಧವೆಯರೂ 160 ಎಕರೆ ಸರಕಾರಿ ಭೂಮಿಗೆ ಅರ್ಜಿ ಹಾಕಬಹುದಿತ್ತು. ಅಲ್ಲಿಯೇ ವಾಸವಾಗಿ ಐದು ವರ್ಷ ಸಾಗುವಳಿ ಮಾಡಿದರೆ ಭೂಮಿ ಅವರದಾಗುತ್ತಿತ್ತು. 1869ರಷ್ಟು ಹಿಂದೆಯೇ ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟಿದ್ದ ವ್ಯೋಮಿಂಗಿನಲ್ಲಿ, ಮದುವೆಗೆ ಮೊದಲೇ ಆಕೆ ತನ್ನ ಹೆಸರಿನಲ್ಲಿ ಭೂಮಿಗೆ ಅರ್ಜಿ ಹಾಕಿದಳು. ಕ್ಲೈಡನ ನೆಲ ಪಕ್ಕದಲ್ಲಿಯೇ ಇದ್ದುದರಿಂದ ಅವನ ಮನೆಗೆ ತಾಗಿಸಿಯೇ ತನ್ನ ಪಾಲಿನ ಮನೆಯನ್ನು ಕಟ್ಟಿಸಿದಳು. ಗಂಡನ ಹಣದ ನೆರವಿಲ್ಲದೆ ಆ ಭೂಮಿಯನ್ನು ತಾನೇ ಉಳಿಸಿಕೊಳ್ಳುವೆನೆಂದು ಮದುವೆಗೆ ಮೊದಲು ಅವನಿಂದ ಮಾತು ಪಡೆದಿದ್ದಳು. ಆದರೆ ಗಂಡಹೆಂಡಿರು ಎರಡು ಬೇರೆ ಬೇರೆ ಮನೆಗಳಲ್ಲಿ ವಾಸವಿದ್ದಾರೆಂದು ತೋರಿಸುವುದು ಕಾನೂನಿನ ಮುಂದೆ ಸುಲಭವಿರಲಿಲ್ಲ. ಮುಂದೆ ದಾಖಲೆಗಳನ್ನು ಪರಿಶೀಲಿಸಿದ ಇತಿಹಾಸಕಾರರಿಗೆ ಕಂಡದ್ದು, 1912ರಲ್ಲಿ ಆಕೆ ತನ್ನ ಹಕ್ಕನ್ನು ಬಿಟ್ಟುಕೊಟ್ಟಿದ್ದಳು, ಅದು ಅತ್ತೆಯ ಹೆಸರಿಗೆ ಹೋಗಿತ್ತು.

ಪತ್ರಗಳಲ್ಲಿ ಆಕೆ ಆ ಸಂಗತಿಯನ್ನು ಹೇಳಲಿಲ್ಲ. ಬದಲಿಗೆ ನಗರದಲ್ಲಿ ಬಟ್ಟೆ ಒಗೆಯುತ್ತ, ನಾಳೆ ಕೆಲಸ ಉಳಿದೀತೋ ಇಲ್ಲವೋ ಎಂದು ಹೆದರುತ್ತ, ಕೆಲವೊಮ್ಮೆ ಹಸಿವಿನಲ್ಲಿಯೂ ಚಳಿಯಲ್ಲಿಯೂ ದಿನ ದೂಡುವ ತನ್ನಂಥ ಹೆಂಗಸರನ್ನು ಮತ್ತೆ ಮತ್ತೆ ನೆನೆದಳು. ಅವರು ಧೈರ್ಯಮಾಡಿ ಬಂದು ಭೂಮಿ ಹಿಡಿದರೆ ಹೊಟ್ಟೆ ತುಂಬ ಊಟ, ಒಲೆಗೆ ಸೌದೆ, ತಮ್ಮದೆನ್ನುವ ಮನೆ ಎಲ್ಲವೂ ಸಿಗುವುದೆಂದು, ಒಗೆತದ ಕೆಲಸಕ್ಕಿಂತ ಇದು ಕಷ್ಟವಲ್ಲವೆಂದು ಬರೆದಳು. 1933ರಲ್ಲಿ ತೀರಿಕೊಳ್ಳುವವರೆಗೂ ಆಕೆ ಆ ರಾಂಚಿನವಳಾಗಿಯೇ ಉಳಿದಳು.